ಎಂಟು ತಿಂಗಳಾದರೂ ಸರಳೆ ವರಸೆ ದಾಟಿಲ್ಲ: ಸಂಗೀತದ ಮೇಷ್ಟ್ರನ್ನು ಬದಲಾಯಿಸಬೇಕೇ?

ಕುಂದವಾಡ ಕೆರೆದಂಡೆ · ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವರು, ಅದರಲ್ಲೂ ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳಿಸುತ್ತಿರುವವರು, ದಯವಿಟ್ಟು ಸಲಹೆ ಕೊಡಬೇಕು.

ನನ್ನ ಮಗಳಿಗೆ ಎಂಟು ವರ್ಷ. ಹೋದ ಡಿಸೆಂಬರಿನಿಂದ ವಿದ್ಯಾನಗರದ ಕಡೆ ಹಿರಿಯ ಮೇಷ್ಟ್ರೊಬ್ಬರ ಮನೆಯಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆಯ ಪಾಠ, ಒಟ್ಟು ಆರು ಮಕ್ಕಳು. ಎಂಟು ತಿಂಗಳು ತುಂಬಿದರೂ ಆಗಿರುವುದು ಸರಳೆ ವರಸೆಗಳು, ಅಂದರೆ ಸರಿಗಮದ ಮೊದಲ ಅಭ್ಯಾಸಗಳು ಮಾತ್ರ. ಒಂದು ಗೀತೆಯಿಲ್ಲ, ಒಂದು ದೇವರನಾಮವಿಲ್ಲ. ಮೇಷ್ಟ್ರು ಪುಸ್ತಕದಲ್ಲಿ ಬರೆಸುವುದಿಲ್ಲ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಡುವುದಿಲ್ಲ, ಹಾರ್ಮೋನಿಯಂ ಮುಟ್ಟುವುದಿಲ್ಲ. ಕಳೆದ ಎರಡು ಪಾಠಗಳಲ್ಲಂತೂ ಇವಳಿಂದ ಹಾಡಿಸಲೇ ಇಲ್ಲವಂತೆ. ಉಳಿದವರು ಹಾಡುವಾಗ ತಾಳ ಹಾಕುತ್ತಾ ಕೇಳಿಸಿಕೊಂಡಿರು ಎಂದರಂತೆ. ಮನೆಗೆ ಬಂದಾಗ ಫ್ರಾಕಿನ ಜೇಬಿನ ತುಂಬಾ ಹುಣಸೆ ಬೀಜಗಳಿದ್ದವು. ಇದೇನೆಂದು ಕೇಳಿದರೆ "ಲೆಕ್ಕಕ್ಕೆ" ಎಂದು ಹೇಳಿ ಆಟಕ್ಕೆ ಓಡಿದಳು.

ಪಕ್ಕದ ಮನೆಯ ಹುಡುಗಿ ಬೇರೊಂದು ಕಡೆ ಕಲಿಯುತ್ತಾಳೆ. ಅವಳು ಇಷ್ಟೇ ಅವಧಿಯಲ್ಲಿ ಐದು ದೇವರನಾಮ ಕಲಿತು, ಈ ಸಲ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಹಾಡಲಿದ್ದಾಳೆ. ನಮ್ಮ ಅತ್ತೆಯವರು ದಿನಕ್ಕೊಮ್ಮೆಯಾದರೂ "ನಮ್ಮದು ಇನ್ನೂ ಸರಿಗಮದಲ್ಲೇ ಇದೆಯಾ?" ಎಂದು ಕೇಳುತ್ತಾರೆ. ಮಗಳಿಗೆ ಬೇಸರವಾಗಿದೆಯೇ ಎಂದರೆ ಇಲ್ಲವೆನ್ನುತ್ತಾಳೆ, ಬೇಸರವಾಗಿರುವುದು ನನಗೆ. ಶುಲ್ಕದ ಪ್ರಶ್ನೆಯಲ್ಲ. ಮೇಷ್ಟ್ರನ್ನು ಬದಲಾಯಿಸಬೇಕೇ, ಇನ್ನೂ ಕಾಯಬೇಕೇ?

ಬೆಣ್ಣೆದೋಸೆ ಭಕ್ತ · ರಾತ್ರಿ 9.22

ನಮ್ಮ ಹುಡುಗ ಎಂಟು ತಿಂಗಳಲ್ಲಿ ಕೀಬೋರ್ಡಿನಲ್ಲಿ ಮೂರು ಸಿನಿಮಾ ಹಾಡು ನುಡಿಸುತ್ತಿದ್ದ. ಬದಲಾಯಿಸಿ ಮೇಡಂ.

ತಂಬೂರಿ ತಂತಿ · ರಾತ್ರಿ 9.58

ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು; ನನ್ನ ಮಾತಿನಲ್ಲಿ ಮೇಷ್ಟ್ರ ಪರ ಪಕ್ಷಪಾತ ಕಂಡರೆ ಮನ್ನಿಸಿ.

"ಇನ್ನೂ ಸರಳೆ ವರಸೆ" ಎಂದಿರಲ್ಲ, ಆ "ಇನ್ನೂ" ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲ ವರಸೆಯ ಆರೋಹಣಕ್ಕೆ ಆದಿತಾಳದ ಒಂದು ಆವರ್ತನ (ತಾಳದ ಒಂದು ಸುತ್ತು), ಅವರೋಹಣಕ್ಕೆ ಇನ್ನೊಂದು. ಒಂದನೇ ಕಾಲದಲ್ಲಿ (ವೇಗದಲ್ಲಿ) ಈ ಎರಡು ಆವರ್ತನಕ್ಕೆ ವರಸೆಯನ್ನು ಒಮ್ಮೆ ಹಾಡಿದರೆ ಸಾಕು. ಎರಡನೇ ಕಾಲದಲ್ಲಿ ಅಷ್ಟೇ ತಾಳಕ್ಕೆ ಎರಡು ಬಾರಿ, ಮೂರನೇ ಕಾಲದಲ್ಲಿ ನಾಲ್ಕು ಬಾರಿ ಹಾಡಬೇಕು. ಕೈ ಮಾತ್ರ ಮೊದಲಿನ ನಡೆಯಲ್ಲೇ ಇರಬೇಕು. ಚಿಕ್ಕ ಮಕ್ಕಳಲ್ಲಿ ಬಾಯಿ ಓಡಿದರೆ ಕೈಯೂ ಅದರ ಹಿಂದೆಯೇ ಓಡುತ್ತದೆ. ಅವೆರಡನ್ನೂ ಬೇರ್ಪಡಿಸುವುದಕ್ಕೇ ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಐದಾರು ತಿಂಗಳು ಹಿಡಿದಿದೆ.

ಇನ್ನು ರಾಗದ ವಿಷಯ. ಪುರಂದರದಾಸರ ಕಾಲದಿಂದ ಬಂದದ್ದೆಂದು ನಾವು ನಂಬುವ ಈ ಪಾಠಕ್ರಮದಲ್ಲಿ ವರಸೆಗಳೆಲ್ಲ ಮಾಯಾಮಾಳವಗೌಳದಲ್ಲಿವೆ, ಅಂದರೆ 15ನೆಯ ಮೇಳಕರ್ತದಲ್ಲಿ (ಮೂಲರಾಗದಲ್ಲಿ). ಅದರಲ್ಲಿ ಸ, ರಿ ಹತ್ತಿರ ಹತ್ತಿರ. ರಿಯಿಂದ ಗಕ್ಕೆ ದೊಡ್ಡ ಜಿಗಿತ. ಗ, ಮ ಮತ್ತೆ ಅಕ್ಕಪಕ್ಕ. ಪಂಚಮದಿಂದ (ಪ) ಮೇಲಿನ ಷಡ್ಜದವರೆಗೂ (ಸ) ಅದೇ ಅಳತೆ ಮತ್ತೊಮ್ಮೆ ಬರುತ್ತದೆ. ಕೆಳಗಿನ ಅರ್ಧವನ್ನು ಸರಿಯಾಗಿ ಕಲಿತ ಮಗುವಿಗೆ ಮೇಲಿನ ಅರ್ಧದ ದಾರಿ ಆಗಲೇ ಗೊತ್ತಿರುತ್ತದೆ. ಆದರೆ ಆ ಮೊದಲ ರಿಷಭ, ಅಂದರೆ ರಿ, ಮಾತ್ರ ಸುಲಭಕ್ಕೆ ದಕ್ಕುವುದಿಲ್ಲ, ಮಕ್ಕಳು ಅದನ್ನು ಮೇಲಕ್ಕೆ ಎಳೆದುಬಿಡುತ್ತಾರೆ. ಒಮ್ಮೆ ತಪ್ಪಿ ಕೂತ ರಿಷಭವನ್ನು ಮೂರು ವರ್ಷದ ನಂತರ ತಿದ್ದಲು ಹೊರಟು ಸೋತವಳು ನಾನು. ಪಾಪ, ಆ ಹುಡುಗಿ ಒಳ್ಳೆಯ ಕಂಠದವಳು, ಹದಿನೈದು ದೇವರನಾಮ ಬರುತ್ತಿದ್ದವು, ಎಲ್ಲದರಲ್ಲೂ ಅದೊಂದು ಮುಳ್ಳು ಉಳಿದೇಹೋಯಿತು.

ಹಾಡಿಸದೆ ಕೂರಿಸಿದ್ದರ ಕಾರಣ ಮಾತ್ರ ನನಗೆ ತಿಳಿಯಲಿಲ್ಲ. ಅದನ್ನು ಅವರನ್ನೇ ಕೇಳಿ.

ಹಳೇ ಮಿಲ್ ಕಾಲೊನಿ · ರಾತ್ರಿ 10.15

ವರಸೆ, ಕಾಲ, ಇವುಗಳ ಲೆಕ್ಕ ನನಗೆ ತಿಳಿಯದು. ನಾನು ಕೇಳುವುದು ಒಂದೇ: ಮಗು ಪಾಠಕ್ಕೆ ಹೊರಡುವಾಗ ಹೊಟ್ಟೆನೋವು ಎನ್ನುತ್ತದೆಯೇ?

ಯಾಕೆ ಕೇಳಿದೆನೆಂದರೆ, ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ತಂದೆ ಹತ್ತಿ ಗಿರಣಿಯ ಪಾಳಿ ಮುಗಿಸಿ ಬಂದು, ದಣಿವನ್ನೂ ಲೆಕ್ಕಿಸದೆ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಪಾಠಕ್ಕೆ ಬಿಡುತ್ತಿದ್ದರು. ಅಲ್ಲಿನ ಮೇಷ್ಟ್ರು ತಾಳ ತಪ್ಪಿದರೆ ಮರದ ಅಡಿಪಟ್ಟಿಯಿಂದ ಬೆರಳಿನ ಗಿಣ್ಣಿಗೇ ಹೊಡೆಯುತ್ತಿದ್ದರು. ಅವರ ಹೆಸರು ಬೇಡ. ಹೊಡೆತದ ಹೆದರಿಕೆಗೆ ಬೆರಳು ಮಡಚುವುದನ್ನೇ ಬಿಟ್ಟೆ, ಅದಕ್ಕೂ ಹೊಡೆತ ಬಿತ್ತು. ಆರು ತಿಂಗಳಿಗೆ ಪಾಠ ಬಿಟ್ಟೆ, ತಂದೆಗೆ ಕಾರಣ ಹೇಳಲಿಲ್ಲ. ಈಗ ನನಗೆ ಐವತ್ತೆಂಟು. ಕಛೇರಿ ಕೇಳಲು ಇಷ್ಟ, ಆದರೆ ಸಭೆಯಲ್ಲಿ ಎಲ್ಲರೂ ತೊಡೆಯ ಮೇಲೆ ತಾಳ ಹಾಕುವಾಗ ನನ್ನ ಕೈ ಮಾತ್ರ ಜೇಬಿನಲ್ಲಿರುತ್ತದೆ.

ಕುಂದವಾಡ ಕೆರೆದಂಡೆ · ರಾತ್ರಿ 10.31

@ಹಳೇ ಮಿಲ್ ಕಾಲೊನಿ, ಓದಿ ಸಂಕಟವಾಯಿತು ಸರ್. ನಮ್ಮವಳು ಹಾಗೇನೂ ಮಾಡುವುದಿಲ್ಲ, ಪಾಠದ ದಿನ ತಾನೇ ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮೇಷ್ಟ್ರು ಗದರಿದ್ದನ್ನು ನಾನೂ ಕೇಳಿಲ್ಲ. ಅವರ ತೊಡಕು ಏನೆಂದರೆ ಅವರು ನಮ್ಮ ಬಳಿ ಏನನ್ನೂ ಹೇಳುವುದಿಲ್ಲ.

ಏಳುಸುತ್ತಿನ ಕೋಟೆ · ಸೋಮವಾರ, ಬೆಳಿಗ್ಗೆ 7.05

ಚಿತ್ರದುರ್ಗದಿಂದ ಒಂದು ಭಿನ್ನಾಭಿಪ್ರಾಯ.

@ತಂಬೂರಿ ತಂತಿ ಅವರ ವಿವರಣೆ ಚೆನ್ನಾಗಿದೆ, ಆದರೆ ಅದರಲ್ಲೇ ಅದರ ಉತ್ತರವೂ ಇದೆ. ಆ ರಿಷಭ ಅಷ್ಟು ಕಷ್ಟದ್ದಾದರೆ ಅದನ್ನು ಎಂಟು ವರ್ಷದ ಮಗುವಿಗೆ ಮೊದಲ ದಿನವೇ ಏಕೆ ಕೊಡಬೇಕು? ಹಿಂದೂಸ್ತಾನಿಯವರು ಸಾಮಾನ್ಯವಾಗಿ ಶುದ್ಧ ಸ್ವರಗಳಿಂದ ಆರಂಭಿಸಿ, ನಂತರ ಐದೇ ಸ್ವರಗಳ ಭೂಪದಂತಹ ರಾಗ ಕೊಡುತ್ತಾರೆ. ಮಕ್ಕಳು ಎರಡು ತಿಂಗಳಲ್ಲಿ ಒಂದು ಬಂದಿಶ್ (ರಾಗದ ಪುಟ್ಟ ರಚನೆ) ಹಾಡಿ ಅಜ್ಜಿ ತಾತಂದಿರನ್ನು ಖುಷಿಪಡಿಸುತ್ತಾರೆ. ಕಲಿಕೆಯಲ್ಲಿ ಖುಷಿಗೂ ಪಾಲಿದೆಯಲ್ಲವೇ?

ಇನ್ನೊಂದು ಮಾತು. ನಮ್ಮ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ನಾಡೋಜ ಸಿರಿಯಜ್ಜಿಯವರಿಗೆ ಓದು ಬರಹ ಬರುತ್ತಿರಲಿಲ್ಲ, ಆದರೂ ಸಾವಿರಾರು ಹಾಡುಗಳು ಅವರ ನಾಲಿಗೆಯ ಮೇಲಿದ್ದವು. ಅವರಿಗೆ ಯಾರೂ ಸರಳೆ ವರಸೆ ಹೇಳಿಕೊಡಲಿಲ್ಲ. ಹಾಡಿನಿಂದಲೇ ಹಾಡು ಕಲಿತರು.

ತಂಬೂರಿ ತಂತಿ · ಬೆಳಿಗ್ಗೆ 8.40

ಸಿರಿಯಜ್ಜಿಯವರ ಹೆಸರು ತಂದಿದ್ದಕ್ಕೆ ಸಂತೋಷ. ಆದರೆ ಆ ಉದಾಹರಣೆ ನಿಮ್ಮ ವಾದಕ್ಕಿಂತ ನಮ್ಮ ಮೇಷ್ಟ್ರ ವಾದಕ್ಕೇ ಹೆಚ್ಚು ಒಪ್ಪುತ್ತದೆ. ಅಂತಹ ಹಾಡುಗಾರ್ತಿಯರು ಬೀಸುವಾಗ, ಸೋಬಾನೆಯಲ್ಲಿ, ಹಟ್ಟಿಯ ಹಬ್ಬದಲ್ಲಿ ದೊಡ್ಡವರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಕೇಳಿಸಿಕೊಂಡವರು. ಕಿವಿ ತುಂಬಿದ ಮೇಲೆ ಬಾಯಿ ತೆರೆದವರು. ನಮ್ಮ ಮಕ್ಕಳ ಮನೆಯಲ್ಲಿ ಬೀಸುವ ಕಲ್ಲೂ ಇಲ್ಲ, ಹಾಡುವವರೂ ಇಲ್ಲ. ಹಾಗಾಗಿ ಅವರು ಮನೆಯಲ್ಲಿ ಕೇಳಿಸಿಕೊಳ್ಳಬೇಕಿದ್ದುದನ್ನು ಮೇಷ್ಟ್ರು ವಾರಕ್ಕೆ ಒಂದೂವರೆ ಗಂಟೆಯಲ್ಲಿ ಕೇಳಿಸಬೇಕಾಗಿದೆ.

ಕಷ್ಟದ ರಿಷಭದ ಮಾತು ನ್ಯಾಯವಾದದ್ದೇ. ಐದಾರು ವರ್ಷದ ಮಕ್ಕಳು ಬಂದರೆ ನಾನೂ ಮೊದಲು ಮೋಹನದಲ್ಲಿ, ಅಂದರೆ ನೀವು ಹೇಳಿದ ಭೂಪದ ಸ್ವರಗಳಲ್ಲೇ, ಪುಟ್ಟ ಪುಟ್ಟ ಸ್ವರಗುಚ್ಛಗಳನ್ನು ಹಾಡಿಸುತ್ತೇನೆ. ಎಂಟು ದಾಟಿದವರಿಗೆ ಆ ರಿಯಾಯಿತಿ ಕೊಡುವುದಿಲ್ಲ.

ಪಿ.ಬಿ. ರಸ್ತೆ ಪಯಣಿಗ · ಬೆಳಿಗ್ಗೆ 9.12

ಗಂಗೂಬಾಯಿ ಹಾನಗಲ್ ಅವರು ತಮ್ಮ ಗುರು ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಎಂಟು ತಿಂಗಳಿಗೇ ಸುಸ್ತಾದರೆ ಹೇಗೆ?

ಏಳುಸುತ್ತಿನ ಕೋಟೆ · ಬೆಳಿಗ್ಗೆ 9.20

1913ರಲ್ಲಿ ಹುಟ್ಟಿದ ಗಂಗೂಬಾಯಿಯವರು ಆ ಪಾಠ ಪಡೆಯುವ ಹೊತ್ತಿಗೆ ಪ್ರಾಯಕ್ಕೆ ಬಂದ, ಆಗಲೇ ಹಾಡುಗಾರ್ತಿಯೆನಿಸಿಕೊಂಡ ಹೆಣ್ಣುಮಗಳು. ಫ್ರಾಕಿನ ಜೇಬಿನಲ್ಲಿ ಹುಣಸೆ ಬೀಜ ಇಟ್ಟುಕೊಂಡು ಬರುವ ಮಗುವನ್ನು ಅವರಿಗೆ ಹೋಲಿಸುವುದು ಬೇಡ. ದೊಡ್ಡವರ ತಪಸ್ಸನ್ನು ಚಿಕ್ಕವರ ಪಾಠಕ್ರಮವಾಗಿಸುವುದರಿಂದಲೇ ಎಷ್ಟೋ ಮಕ್ಕಳು ಸಂಗೀತ ಬಿಟ್ಟಿರುವುದು.

ಹರಿಹರದ ಸೇತುವೆ · ಬೆಳಿಗ್ಗೆ 11.30

ನಮ್ಮ ಜಿಲ್ಲೆಯ ಅನುಕೂಲವೂ ತಾಪತ್ರಯವೂ ಇದೇ ನೋಡಿ: ಹುಬ್ಬಳ್ಳಿ ಕಡೆಯಿಂದ ಹಿಂದೂಸ್ತಾನಿ, ಬೆಂಗಳೂರು ಕಡೆಯಿಂದ ಕರ್ನಾಟಕಿ, ಎರಡೂ ಇಲ್ಲಿಗೆ ಬಂದು ಒಂದೇ ಬೀದಿಯಲ್ಲಿ ಮನೆ ಮಾಡಿವೆ. ತಾಯಂದಿರು ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುತ್ತಾರೆ.

ನಾನು ಹಿಂದೂಸ್ತಾನಿ ಕಲಿತವನು. ಪುಸ್ತಕವಿಲ್ಲದ ಪಾಠದ ಬಗ್ಗೆ ಹೇಳುವುದಾದರೆ, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳು ಮತ್ತು 1914ರಿಂದ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಕಲಿಯಲು ಬಂದ ಮಕ್ಕಳಲ್ಲಿಯೂ ಅನೇಕರು ಅಂಧರು. ಅಲ್ಲಿ ನೋಟ್‌ಬುಕ್ ನೋಡಿ ಹಾಡುವ ಮಾತೇ ಏಳುವುದಿಲ್ಲ. ಕೇಳಿದ್ದನ್ನು ಆ ಕ್ಷಣದಲ್ಲೇ ಹಿಡಿಯಬೇಕು, ಮರುದಿನ ಒಪ್ಪಿಸಬೇಕು. ಅಲ್ಲಿ ಕಲಿತವರು ಊರೂರಿನಲ್ಲಿ ಸಂಗೀತದ ಮೇಷ್ಟ್ರಾಗಿ ಇವತ್ತಿಗೂ ಪಾಠ ಹೇಳುತ್ತಿದ್ದಾರೆ. ಕಣ್ಣಿರುವ ಮಕ್ಕಳು ಪುಸ್ತಕ ಕೊಟ್ಟ ಕೂಡಲೇ ಸ್ವರವನ್ನು ಓದುತ್ತಾರೆ, ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ನನ್ನ ತಮ್ಮನ ಮಗನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ: ಪುಸ್ತಕ ಮುಚ್ಚಿದರೆ ಹಾಡೂ ಮುಚ್ಚುತ್ತದೆ.

ಹಾರ್ಮೋನಿಯಂ ಬಗ್ಗೆ ಮಾತ್ರ ನಿಮ್ಮ ಮೇಷ್ಟ್ರಷ್ಟು ಕಟ್ಟುನಿಟ್ಟು ನನ್ನದಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅದರ ಮನೆಗಳಿಂದ ಸಾಧ್ಯವಿಲ್ಲ, ಗಮಕ (ಸ್ವರದ ಓಲಾಟ) ಅದರಲ್ಲಿ ಹುಟ್ಟುವುದಿಲ್ಲ, ಒಪ್ಪೋಣ. ಆಕಾಶವಾಣಿಯೇ 1940ರಲ್ಲಿ ಅದನ್ನು ಹೊರಗಿಟ್ಟು ಮೂರು ದಶಕ ಒಳಗೆ ಬಿಡಲಿಲ್ಲ. ಆದರೂ ಮನೆಯಲ್ಲಿ ತಂಬೂರಿಯಿಲ್ಲದ ಮಗುವಿಗೆ ಷಡ್ಜ ಹಿಡಿದುಕೊಡಲು ಅದು ಬೇಕು. ಷಡ್ಜ ಪಂಚಮ ಒತ್ತಿಟ್ಟು ಹಾಡಿದರೆ ಕೆಡುಕಿಲ್ಲ. ಹಾಡಿನ ಪ್ರತಿ ಸ್ವರವನ್ನೂ ಒತ್ತುತ್ತಾ ಅದರ ಹಿಂದೆ ಹಾಡಿಸಿದರೆ ಕೆಡುಕು.

ಲಯದ ಮನೆ · ಮಧ್ಯಾಹ್ನ 1.45

ಹುಣಸೆ ಬೀಜದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ನಾನು ಮೃದಂಗದವನು, ಅದು ನನ್ನ ಇಲಾಖೆ.

ಆದಿತಾಳವೆಂದರೆ ಒಂದು ಲಘು, ಎರಡು ದ್ರುತ. ಲಘುವಿಗೆ ಒಂದು ಘಾತ (ತಟ್ಟು), ಮೂರು ಬೆರಳೆಣಿಕೆ. ಪ್ರತಿ ದ್ರುತಕ್ಕೆ ಒಂದು ಘಾತ, ಒಂದು ಹುಸಿ (ಅಂಗೈ ಮೇಲಕ್ಕೆ ತಿರುಗಿಸುವುದು). ಒಟ್ಟು ಎಂಟು. ಮಕ್ಕಳು ಎಂಟನ್ನು ಬೇಗ ಕಲಿಯುತ್ತಾರೆ, ಆದರೆ ಎಷ್ಟನೆಯ ಆವರ್ತನದಲ್ಲಿದ್ದೇವೆ ಎಂಬುದನ್ನು ಮರೆಯುತ್ತಾರೆ. ಬಲಗೈ ತಾಳ ಹಾಕುತ್ತಿರುವಾಗ, ಸಮ (ಆವರ್ತನದ ಮೊದಲ ಎಣಿಕೆ) ಬಂದಾಗಲೆಲ್ಲ ಎಡಗೈ ಒಂದು ಬೀಜವನ್ನು ಈಚೆಯಿಂದ ಆಚೆಗೆ ಸರಿಸಬೇಕು. ಎಡಗೈ ಬೀಜ ಹುಡುಕಲು ಹೋದಾಗ ಬಲಗೈ ತಡವರಿಸದಿದ್ದರೆ ಲಯ ಕೂತಿತು ಎಂದರ್ಥ. ನಮ್ಮ ಗುರುಗಳು ಇದನ್ನು ಕಡಲೆಕಾಳಿನಲ್ಲಿ ಮಾಡಿಸುತ್ತಿದ್ದರು, ನಾವು ಪಾಠದ ನಡುವೆಯೇ ತಿಂದುಬಿಡುತ್ತಿದ್ದೆವು, ಲೆಕ್ಕ ಸದಾ ಕಡಿಮೆ ಬರುತ್ತಿತ್ತು. ಹುಣಸೆ ಬೀಜ ಬುದ್ಧಿವಂತರ ಆಯ್ಕೆ.

ಬೆಣ್ಣೆದೋಸೆ ಭಕ್ತ · ಮಧ್ಯಾಹ್ನ 1.52

ದಾವಣಗೆರೆಯಲ್ಲಿ ಮಂಡಕ್ಕಿ ಕೊಟ್ಟಿದ್ದರೆ ಲೆಕ್ಕವೇ ಉಳಿಯುತ್ತಿರಲಿಲ್ಲ.

ಗಂಟಲು ಕಿವಿ ಮೂಗು · ಮಧ್ಯಾಹ್ನ 2.30

ನನ್ನ ವೃತ್ತಿ ಹೆಸರಿನಲ್ಲೇ ಇದೆ. ಕುಂದವಾಡದ ತಾಯಿಯವರಿಗೆ ಒಂದು ಪ್ರಶ್ನೆ: ಆ ಎರಡು ಪಾಠಗಳ ದಿನ ಮಗುವಿಗೆ ನೆಗಡಿ, ಕೆಮ್ಮು ಇತ್ತೇ?

ನೆಗಡಿ ಕೆಮ್ಮಿನಲ್ಲಿ ಧ್ವನಿತಂತುಗಳು ಬಾತಿರುತ್ತವೆ. ಆಗ ಮಗು ಹಾಡಲು ಹೊರಟರೆ ಸ್ವರ ಹೊರಡಿಸಲು ಬಲ ಹಾಕುತ್ತದೆ, ಬಲ ಹಾಕುವುದೇ ಅಭ್ಯಾಸವಾದರೆ ನೆಗಡಿ ಹೋದ ಮೇಲೂ ಅದು ಉಳಿಯುತ್ತದೆ. ಗಂಟಲು ಗೊಗ್ಗರಾಗಿದೆ ಎಂದು ನಮ್ಮ ಬಳಿ ಬರುವ ಶಾಲಾ ಮಕ್ಕಳಲ್ಲಿ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿರುವುದು ಸಾಮಾನ್ಯ, ಹುಡುಗರಲ್ಲಿ ಇನ್ನೂ ಹೆಚ್ಚು. ಕಾರಣ ಹೆಚ್ಚಿನ ಸಲ ಕಿರುಚುವುದೇ. ಅದು ಆಟದ ಮೈದಾನವೂ ಆಗಬಹುದು, ಧ್ವನಿವರ್ಧಕದ ಅಬ್ಬರದ ಮುಂದೆ ತನ್ನ ದನಿ ತನಗೇ ಕೇಳಿಸದೆ ಎತ್ತರಿಸಿ ಹಾಡುವ ವೇದಿಕೆಯೂ ಆಗಬಹುದು. ಗಂಟಲು ಕೆಟ್ಟ ದಿನ ಹಾಡಿಸದೆ ಕೇಳಿಸುವ ಮೇಷ್ಟ್ರು ಸಿಕ್ಕಿದ್ದರೆ ನನ್ನಂಥವರಿಗೆ ಕೆಲಸ ಕಡಿಮೆಯಾಗುತ್ತದೆ.

ಮೂರು ವಾರ ದಾಟಿದ ಗೊಗ್ಗರು ಗಂಟಲನ್ನು ಮಾತ್ರ ಯಾವ ಮಗುವಿನಲ್ಲೂ ಕಡೆಗಣಿಸದೆ ತೋರಿಸಿಬಿಡಿ.

ಕುಂದವಾಡ ಕೆರೆದಂಡೆ · ಮಧ್ಯಾಹ್ನ 3.05

ಅಯ್ಯೋ, ಹೌದು! ಮಳೆಯಲ್ಲಿ ನೆಂದು ಹತ್ತು ದಿನ ಕೆಮ್ಮಿತ್ತು, ಕಷಾಯ ಕೊಟ್ಟು ಕಳಿಸಿದ್ದೆ. ನನಗೆ ಹೊಳೆಯಲೇ ಇಲ್ಲ. ಆದರೆ ಅದನ್ನು ಮೇಷ್ಟ್ರು ಬಾಗಿಲಿಗೆ ಬಂದು ಒಂದು ಮಾತು ಹೇಳಿದ್ದರೆ ನಾನೇಕೆ ಇಷ್ಟು ಬರೆಯುತ್ತಿದ್ದೆ?

ಚಂದ್ರವಳ್ಳಿ ಹುಡುಗ · ಸಂಜೆ 5.15

ಎಲ್ಲರೂ ಸೇರಿ ಮೇಷ್ಟ್ರನ್ನು ಪೀಠಕ್ಕೇರಿಸಿದ್ದೀರಿ, ರೆಕಾರ್ಡಿಂಗ್ ನಿಷೇಧದ ಬಗ್ಗೆ ಒಬ್ಬರೂ ಪ್ರಶ್ನಿಸಲಿಲ್ಲ. ಜಪಾನಿನ ಶಿನಿಚಿ ಸುಜುಕಿಯವರು ಮಕ್ಕಳಿಗೆ ಪಿಟೀಲು ಕಲಿಸಲು ಕಟ್ಟಿದ ಕ್ರಮವೂ "ಮೊದಲು ಕಿವಿ" ಎಂದೇ ಹೇಳುತ್ತದೆ. ಮಗು ಮಾತೃಭಾಷೆಯನ್ನು ಹೇಗೆ ಕೇಳಿ ಕೇಳಿ ಕಲಿಯುತ್ತದೆಯೋ ಹಾಗೆಯೇ ಸಂಗೀತವನ್ನೂ ಕಲಿಯಬೇಕೆಂಬುದು ಅದರ ತಿರುಳು. ಆದರೆ ಆ ಕ್ರಮದಲ್ಲಿ ಮಕ್ಕಳು ಮನೆಯಲ್ಲಿ ದಿನಾಲೂ ಧ್ವನಿಮುದ್ರಣ ಕೇಳಬೇಕು. ತಂದೆಯೋ ತಾಯಿಯೋ ಪಾಠದಲ್ಲಿ ಜೊತೆಗೆ ಕೂತು, ಮನೆಯಲ್ಲಿ ಅಭ್ಯಾಸ ಮಾಡಿಸಬೇಕು. ವಾರದ ಏಳು ದಿನಗಳಲ್ಲಿ ಐದು ದಿನ ಮಗುವಿನ ಕಿವಿಗೆ ಏನೂ ಬೀಳದಿದ್ದರೆ "ಕೇಳಿ ಕಲಿ" ಎನ್ನುವುದಕ್ಕೆ ಅರ್ಥವೇನು? ಇದು ಬೋಧನಾಕ್ರಮವಲ್ಲ, ಹಳೆಯ ಹಠ.

ತಂಬೂರಿ ತಂತಿ · ಸಂಜೆ 6.20

@ಚಂದ್ರವಳ್ಳಿ ಹುಡುಗ, ತಾಯಿ ಪಾಠದಲ್ಲಿ ಕೂರಬೇಕೆಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ರೆಕಾರ್ಡಿಂಗ್ ವಿಷಯದಲ್ಲಿ ಒಂದು ತೊಡಕಿದೆ, ಗಂಡಸರು ಹೆಣ್ಣುಮಕ್ಕಳಿಗೆ ಪಾಠ ಹೇಳುವಾಗ ಅದು ಎದ್ದು ಕಾಣುತ್ತದೆ. ಗಂಡಸರ ಶ್ರುತಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಸುಮಾರಿಗೆ ಒಂದು ಮನೆಯ ಆಸುಪಾಸು, ಹುಡುಗಿಯರದು ಐದು, ಐದೂವರೆ ಮನೆ. ಮೇಷ್ಟ್ರು ಮಕ್ಕಳ ಶ್ರುತಿಗೆ ಹಾಡಬೇಕಾದರೆ ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ತರಗತಿಯಲ್ಲಿ ಮಗು ಜಾರಿದರೆ ಅವರು ತಕ್ಷಣ ಎತ್ತಿ ನಿಲ್ಲಿಸುತ್ತಾರೆ. ಮನೆಯಲ್ಲಿ ಮೊಬೈಲಿನ ಜೊತೆ ಒಂಟಿಯಾಗಿ ಹಾಡುವ ಮಗು ಆ ಕೆಳಗಿನ ದನಿಯನ್ನೇ ಅನುಕರಿಸಿ, ಗಂಟಲನ್ನು ಒತ್ತಿ, ಗಂಡುದನಿ ಮಾಡಿಕೊಳ್ಳುತ್ತದೆ. ನನ್ನ ಬಳಿ ಹಾಗೆ ಬಂದವರು ಮೂವರಿದ್ದಾರೆ. ನಿಮ್ಮ ಮೇಷ್ಟ್ರ ಕಾರಣ ಇದೇ ಎಂದು ನಾನು ಹೇಳಲಾರೆ, ಊಹೆ ಮಾತ್ರ.

ಶಾಮನೂರು ಶಾರದೆ · ಸಂಜೆ 6.48

ವಚನವನ್ನಾದರೂ ಹೇಳಿಕೊಡಬಾರದೇ? ನಮ್ಮೂರಿನ ಮಕ್ಕಳಿಗೆ ವಚನಗಳು ಬಾಯಿಪಾಠವಾಗಿರುತ್ತವೆ, ಸಾಹಿತ್ಯ ಕಲಿಸುವ ಕಷ್ಟವೇ ಇಲ್ಲ.

ಹರಿಹರದ ಸೇತುವೆ · ಸಂಜೆ 7.02

@ಶಾಮನೂರು ಶಾರದೆ ಅಕ್ಕ, ನೋಡಲು ಸುಲಭ, ಆದರೆ ವಚನ ತಾಳಕ್ಕಾಗಿ ಬರೆದದ್ದಲ್ಲ. ಸಾಲುಗಳು ಉದ್ದ ಗಿಡ್ಡ, ಪ್ರಾಸವಿಲ್ಲ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಅವನ್ನು ಹಾಡಿದ್ದು ರಾಗದ ಮೇಲಿನ ಒಡೆತನದಿಂದ. ಮಕ್ಕಳಿಗೆ ಅದನ್ನು ಮೊದಲ ಪಾಠ ಮಾಡಿದರೆ ಮಾತು ಮುಂದೆ, ತಾಳ ಹಿಂದೆ ಆಗುತ್ತದೆ. ಎರಡನೇ ವರ್ಷಕ್ಕೆ ಆಗಬಹುದು.

ನಿಟ್ಟುವಳ್ಳಿ ನಾಗರಿಕ · ಸಂಜೆ 7.30

ಎಲ್ಲ ಸರಿ, ಸಂಗೀತದ ಜೂನಿಯರ್ ಪರೀಕ್ಷೆಗೆ ಯಾವಾಗ ಕಟ್ಟಿಸುತ್ತಾರಂತೆ? ಕೊನೆಗೆ ಕೈಯಲ್ಲಿ ಸರ್ಟಿಫಿಕೇಟ್ ಇರಬೇಕಲ್ಲ.

ಲಯದ ಮನೆ · ಸಂಜೆ 7.41

ಪರೀಕ್ಷೆಗೆ ಪಟ್ಟಿಯಲ್ಲಿರುವಷ್ಟನ್ನು ಆರು ತಿಂಗಳಲ್ಲಿ ಗಿಳಿಪಾಠ ಮಾಡಿಸುವ ಕಡೆ ಬೇಕಾದಷ್ಟಿವೆ ಸ್ವಾಮಿ. ಪರೀಕ್ಷೆ ಮುಗಿದ ಮೇಲೆ ಆ ಮಕ್ಕಳಿಗೆ ಪಕ್ಕವಾದ್ಯ ನುಡಿಸಲು ನನ್ನನ್ನು ಕರೆಯುತ್ತಾರೆ. ವರ್ಣ ಎಂಬ ರಚನೆಯ ಎರಡನೇ ಕಾಲದಲ್ಲಿ ನಾನು ಅವರನ್ನು ಹಿಂಬಾಲಿಸಬೇಕೋ, ಅವರು ನನ್ನನ್ನೋ ಎಂಬುದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ.

ಕುಂದವಾಡ ಕೆರೆದಂಡೆ · ಗುರುವಾರ, ರಾತ್ರಿ 8.50

ನಿನ್ನೆ ಪಾಠದಲ್ಲಿ ಕೂತು ಬಂದೆ. ಕೂರಬಹುದೇ ಎಂದು ಕೇಳಿದ್ದಕ್ಕೆ ಮೇಷ್ಟ್ರು "ಚಾಪೆ ಅಲ್ಲಿದೆ" ಎಂದರು, ಅಷ್ಟೇ. ಕಂಡದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲ ಹತ್ತು ನಿಮಿಷ ಯಾರೂ ಹಾಡಲಿಲ್ಲ. ಮೇಷ್ಟ್ರು ತಂಬೂರಿ ಮೀಟುತ್ತಿದ್ದರು, ಮಕ್ಕಳು ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಒಂದೇ ಷಡ್ಜ, ಎಲ್ಲರೂ ಒಟ್ಟಿಗೆ, "ಅ"ಕಾರದಲ್ಲಿ. ಅಷ್ಟರಲ್ಲಿ ಬೀದಿಯಲ್ಲಿ ತರಕಾರಿ ಗಾಡಿ ಬಂತು; ಅದೇ, "ಈರುಳ್ಳಿ, ಆಲೂಗಡ್ಡೆ, ಟೊಮ್ಯಾಟೊ" ಎಂದು ಧ್ವನಿವರ್ಧಕದಲ್ಲಿ ರಾಗವಾಗಿ ಕೂಗುವ ರೆಕಾರ್ಡಿಂಗ್. ನಾನಾಗಿದ್ದರೆ ಕಿಟಕಿ ಮುಚ್ಚುತ್ತಿದ್ದೆ. ಮೇಷ್ಟ್ರು ಕಿಟಕಿಯನ್ನು ಇನ್ನಷ್ಟು ತೆರೆದರು. ಗಾಡಿ ಮನೆಯ ಮುಂದೆ ನಿಂತಷ್ಟು ಹೊತ್ತೂ ಮಕ್ಕಳು ಷಡ್ಜ ಹಿಡಿದೇ ಇದ್ದರು. ಗಾಡಿ ದಾಟಿದ ಮೇಲೆ ಮೇಷ್ಟ್ರು ತಂಬೂರಿಯನ್ನು ಜೋರಾಗಿ ಮೀಟಿ, "ಯಾರು ಯಾರು ಗಾಡಿ ಹಿಂದೆ ಹೋದಿರಿ?" ಎಂದರು. ಒಬ್ಬೊಬ್ಬರಾಗಿ ಹಾಡಿಸಿದರು. ನನ್ನ ಕಿವಿಗೆ ಎಲ್ಲವೂ ಒಂದೇ ಆಗಿ ಕೇಳಿಸಿದವು, ಸುಳ್ಳೇಕೆ ಹೇಳಲಿ. ಆದರೆ ಮಕ್ಕಳೇ ನಾಲ್ಕು ಜನ ನಗುತ್ತಾ ಕೈಯೆತ್ತಿದರು. ನಮ್ಮವಳೂ ಜಾರಿದ್ದಳಂತೆ. ಅವಳ ಸರದಿ ಬಂದಾಗ ಬಾಯಿ ತೆರೆದವಳು ಮುಖ ಕಿವುಚಿ ನಿಲ್ಲಿಸಿದಳು, ಒಂದು ಕ್ಷಣ ತಂಬೂರಿ ಕಡೆ ನೋಡಿದಳು, ಕೂದಲೆಳೆಯಷ್ಟು ಮೇಲಕ್ಕೆ ಹತ್ತಿ ನಿಂತಳು. ಮೇಷ್ಟ್ರು ಏನೂ ಹೇಳಿರಲಿಲ್ಲ.

ಕೊನೆಯಲ್ಲಿ ಅವರು ವರಸೆ ಹಾಡುತ್ತಾ ಬೇಕೆಂದೇ ಒಂದು ಸ್ವರ ತಪ್ಪಿಸುತ್ತಿದ್ದರು. ಹಿಡಿದವರು ಒಂದು ಬೀಜ ತೆಗೆದುಕೊಳ್ಳಬೇಕು. ಪಾಠ ಬಿಟ್ಟಾಗ ಇವಳ ಬಳಿ ಏಳು ಬೀಜಗಳಿದ್ದವು. ಜೇಬಿನ ಲೆಕ್ಕ ಇದು. (@ಲಯದ ಮನೆ ಅವರು ಹೇಳಿದ ಆವರ್ತನದ ಲೆಕ್ಕಕ್ಕೂ ಅವೇ ಬೀಜ ಬಳಸುತ್ತಾರೆ, ಅದನ್ನೂ ನೋಡಿದೆ.)

ಹೊರಡುವಾಗ ಧೈರ್ಯ ಮಾಡಿ ಎಲ್ಲವನ್ನೂ ಕೇಳಿದೆ. ಗೀತೆ ದಸರೆಯ ನಂತರವಂತೆ. ಅದಕ್ಕೆ ಮೊದಲು ಜಂಟಿ ವರಸೆ (ಸ್ವರಗಳನ್ನು ಜೋಡಿಯಾಗಿ ಹಾಡುವ ಪಾಠ) ಆಗಬೇಕಂತೆ. ರೆಕಾರ್ಡ್ ಮಾಡಬೇಕಿದ್ದರೆ ಮನೆಯಲ್ಲಿ ಅವಳ ದನಿಯನ್ನೇ ಮಾಡಿ ಅವಳಿಗೇ ಕೇಳಿಸಿ, ನನ್ನದು ಬೇಡ ಎಂದರು. ಕಾರಣ ಹೇಳಲಿಲ್ಲ, @ತಂಬೂರಿ ತಂತಿ ಅವರ ಊಹೆ ನನಗೆ ನೆನಪಾಯಿತು. ಕೆಮ್ಮಿನ ವಿಷಯ ಏಕೆ ತಿಳಿಸಲಿಲ್ಲ ಎಂದರೆ, "ಕೆಮ್ಮಿದ್ದು ನಿಮಗೆ ಗೊತ್ತಿತ್ತಲ್ಲಮ್ಮ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಏಳುಸುತ್ತಿನ ಕೋಟೆ · ರಾತ್ರಿ 9.25

ತರಕಾರಿ ಗಾಡಿಯ ಪ್ರಸಂಗ ಓದಿ ನನ್ನ ವಾದ ಅರ್ಧ ಹಿಂದಕ್ಕೆ ತೆಗೆದುಕೊಂಡೆ. ಉಳಿದರ್ಧ ಬಿಡುವುದಿಲ್ಲ. ಇಷ್ಟು ಚೆನ್ನಾಗಿ ಯೋಚಿಸಿ ಪಾಠ ಕಟ್ಟುವವರು ತಿಂಗಳಿಗೆ ಹತ್ತು ನಿಮಿಷ ಪೋಷಕರ ಜೊತೆ ಮಾತಾಡಿದರೆ ಅವರ ವಿದ್ವತ್ತಿಗೆ ಕುಂದೇನು? ನಿಮಗೆ ಬಿಡುವಿತ್ತು, ಹೋಗಿ ಕೂತಿರಿ. ಬಿಡುವಿಲ್ಲದ ತಾಯಿ ಮಗುವನ್ನು ಬಿಡಿಸಿಬಿಡುತ್ತಿದ್ದಳು, ನಷ್ಟ ಮಗುವಿಗೆ.

ಹಳೇ ಮಿಲ್ ಕಾಲೊನಿ · ರಾತ್ರಿ 9.40

"ಮಕ್ಕಳೇ ನಗುತ್ತಾ ಕೈಯೆತ್ತಿದರು" ಎಂಬ ಸಾಲನ್ನು ಎರಡು ಸಲ ಓದಿದೆ. ಆ ಮೇಷ್ಟ್ರು ದೊಡ್ಡವರಿಗೂ ಪಾಠ ಹೇಳುತ್ತಾರೆಯೇ? ಐವತ್ತೆಂಟಕ್ಕೆ ತಾಳ ಮಾತ್ರ ಕಲಿಯಬೇಕೆಂದವರಿಗೆ?

ಚಂದ್ರವಳ್ಳಿ ಹುಡುಗ · ರಾತ್ರಿ 9.44

ಮಗುವಿನದೇ ದನಿಯನ್ನು ಮಗುವಿಗೆ ಕೇಳಿಸುವುದು ಒಳ್ಳೆಯ ಉಪಾಯ, ಇದನ್ನು ಒಪ್ಪುತ್ತೇನೆ. "ಹಠ" ಎಂಬ ಮಾತು ವಾಪಸ್.

ಕುಂದವಾಡ ಕೆರೆದಂಡೆ · ಶನಿವಾರ, ಸಂಜೆ 6.10

@ಹಳೇ ಮಿಲ್ ಕಾಲೊನಿ, ಕೇಳಿದೆ ಸರ್. "ಭಾನುವಾರ ಬೆಳಿಗ್ಗೆ ಬರಲಿ, ಪಟ್ಟಿ ತರುವುದು ಬೇಡ ಎನ್ನಿ" ಎಂದರು. ನಿಮ್ಮ ಕಥೆ ಹೇಳಿದ್ದೆ, ತಪ್ಪು ತಿಳಿಯಬೇಡಿ.

ಪೆಂಡಾಲಿನ ಸುದ್ದಿ: ಪಕ್ಕದ ಮನೆಯ ಹುಡುಗಿ ಹಾಡುತ್ತಾಳೆ, ನಮ್ಮವಳು ಪಕ್ಕದಲ್ಲಿ ಕೂತು ತಾಳ ಹಾಕುತ್ತಾಳೆ ಎಂದು ಅವರಿಬ್ಬರೇ ತೀರ್ಮಾನಿಸಿಕೊಂಡಿದ್ದಾರೆ. ಅತ್ತೆಯವರಿಗೆ ಅರ್ಧ ಸಮಾಧಾನ.

ಲಯದ ಮನೆ · ಸಂಜೆ 6.35

ಸಂತೋಷ, ಆದರೆ ಹಾಡು ಆದಿತಾಳದ್ದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ದೇವರನಾಮಗಳಲ್ಲಿ ಛಾಪು ತಾಳದವು ಬಹಳ, ಐದು ಅಥವಾ ಏಳರ ಲೆಕ್ಕದವು. ಅದಕ್ಕೆ ಎಂಟು ಹಾಕುತ್ತಾ ಹೋದರೆ ಎರಡನೇ ಸುತ್ತಿಗೇ ಹಾಡು ಒಂದು ಕಡೆ, ಕೈ ಒಂದು ಕಡೆ.

ಕುಂದವಾಡ ಕೆರೆದಂಡೆ · ರಾತ್ರಿ 8.15

ಆ ಹುಡುಗಿಯನ್ನು ಮನೆಗೆ ಕರೆದು ಹಾಡಿಸಿದೆವು. ಇವಳು ಎರಡು ಸಲ ಎಂಟು ಹಾಕಿ ನೋಡಿದಳು, ಕೂರಲಿಲ್ಲ. ಆಮೇಲೆ ಕೈ ನಿಲ್ಲಿಸಿ, ಹುಣಸೆ ಬೀಜಗಳನ್ನು ನೆಲದ ಮೇಲೆ ಹರವಿಕೊಂಡು, ಇನ್ನೊಮ್ಮೆ ಹಾಡು ಎಂದಳು. ಮೊದಲು ಎರಡು ಬೀಜ, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟು ಮೂರು. ಮತ್ತೆ ಎರಡು, ಮತ್ತೆ ಮೂರು. "ಅಮ್ಮ, ಇದು ಎಂಟಲ್ಲ, ಐದು. ಇದನ್ನು ಮೇಷ್ಟ್ರು ಹೇಳಿಕೊಟ್ಟಿಲ್ಲ" ಎಂದು ನನ್ನ ಮೇಲೇ ಆಕ್ಷೇಪಣೆ.

ನಾಳೆ ಭಾನುವಾರ, ದೊಡ್ಡವರ ಪಾಠಕ್ಕೆ ತಾನೂ ಬರುತ್ತಾಳಂತೆ, ಕೇಳಲು.